ಲಿಂಕಿನ ಬಾಲದಲ್ಲಿ ಯಾರದ್ದೋ ಮೊಬೈಲ್ ನಂಬರ್

ಬೇಸಿಗೆ ರಜೆಯಲ್ಲಿ ನಾವು ನಾಲ್ಕೈದು ಜನ ಸೇರಿ ಕೊಪ್ಪಳದಲ್ಲಿ ಮಕ್ಕಳ ಶಿಬಿರ ಮಾಡಿದೆವು. ಕಿನ್ನಾಳ ಗೊಂಬೆಗೆ ಬಣ್ಣ ಹಚ್ಚುವುದು, ಒಂದಿಷ್ಟು ಹಾಡು, ಮಧ್ಯೆ ಒಗ್ಗರಣೆ ಮಿರ್ಚಿ. ಹೆಸರು ಬರೆಸಲು ಗೂಗಲ್ ಫಾರ್ಮ್.

ಹೋದ ವರ್ಷ ತಾಲ್ಲೂಕಿನ ಹೆಸರನ್ನು ಜನರೇ ಬರೆಯಲಿ ಅಂತ ಬಿಟ್ಟು ಕೆಟ್ಟಿದ್ದೆವು. ಗಂಗಾವತಿಯನ್ನು ಒಬ್ಬರು ಕನ್ನಡದಲ್ಲಿ ಬರೆದರೆ ಇನ್ನೊಬ್ಬರು ಇಂಗ್ಲಿಷಿನಲ್ಲಿ. ಒಬ್ಬ ಮಹಾನುಭಾವರಂತೂ 'ಬಸ್ ಸ್ಟ್ಯಾಂಡ್ ಹತ್ರ' ಅಂತ ಬರೆದಿದ್ದರು! ಈ ಸಲ ಗೆಳೆಯನೊಬ್ಬ ದಾರಿ ತೋರಿಸಿದ. ಫಾರ್ಮಿನ ಮೂರು ಚುಕ್ಕೆ ಒತ್ತಿದರೆ, ಉತ್ತರ ಮೊದಲೇ ತುಂಬಿದ ಲಿಂಕ್ ಸಿಗುತ್ತದೆ. ಅದಕ್ಕೊಂದು ಬಾಲ. ಮೊದಲು ಪ್ರಶ್ನೆಚಿಹ್ನೆ, ಆಮೇಲೆ ಪ್ರಶ್ನೆಯ ಎಂಟ್ರಿ ನಂಬರ್ (ಒಂದೊಂದು ಪ್ರಶ್ನೆಗೂ ಫಾರ್ಮೇ ಕೊಡುವ ಸಂಖ್ಯೆ), ಸಮ ಚಿಹ್ನೆ, ಉತ್ತರ. ಅಷ್ಟೇ. ಜಿಲ್ಲೆಯ 7 ತಾಲ್ಲೂಕಿಗೆ 7 ಲಿಂಕ್ ಮಾಡಿದೆವು. 'ಎಲ್ಲಿಂದ ತಿಳಿಯಿತು' ಎಂಬುದನ್ನೂ ಹೀಗೇ ತುಂಬಿದೆವು. ಚಹಾದಂಗಡಿಯ ಗೋಡೆಗೆ ಅಂಟಿಸಿದ ಕ್ಯೂಆರ್ ಕೋಡ್ ನಮ್ಮ ಪಾಂಪ್ಲೆಟ್‌ಗಿಂತ ಜಾಸ್ತಿ ಮಕ್ಕಳನ್ನು ತಂದಿದೆ ಅಂತ ಗೊತ್ತಾದದ್ದು ಇದರಿಂದಲೇ.

ಒಂದು ಸಣ್ಣ ತಾಪತ್ರಯ ಇತ್ತು. ಕನ್ನಡ ಲಿಂಕಿನೊಳಗೆ ಹೋದಾಗ ಒಂದೊಂದು ಚಿಹ್ನೆಯೂ ಶೇಕಡಾ ಗುರುತು ಸೇರಿ 9 ಅಕ್ಷರ ಆಗುತ್ತದೆ. ಒತ್ತು, ಸ್ವರಚಿಹ್ನೆ ಎಲ್ಲ ಬೇರೆ ಬೇರೆ ಲೆಕ್ಕ, ಹಾಗಾಗಿ 'ಕೊಪ್ಪಳ' ಎಂಬ ಪುಟ್ಟ ಹೆಸರಿನಲ್ಲಿ 6 ಚಿಹ್ನೆ, ಅಂದರೆ 54 ಅಕ್ಷರ! ಕ್ಯೂಆರ್ ಕಿಕ್ಕಿರಿದು ಹಳೇ ಫೋನ್‌ಗಳು ಓದಲು ತಿಣುಕಿದವು.

ಎಡವಿದ್ದು ಬೇರೆ ಕಡೆ. ಹೋದ ವರ್ಷ ಬಂದಿದ್ದ ಮಕ್ಕಳ ಮನೆಗೆ ಹೆಸರು, ಮೊಬೈಲ್ ನಂಬರ್ ತುಂಬಿದ ಲಿಂಕನ್ನೇ ಕಳಿಸಿದೆವು. ಅವರಿಗೆ ಟೈಪ್ ಮಾಡುವ ಕೆಲಸ ತಪ್ಪಲಿ ಅಂತ. ಭಾಗ್ಯನಗರದ ಒಬ್ಬ ತಾಯಿ ತಮ್ಮ ಲಿಂಕನ್ನು ಮಹಿಳಾ ಗ್ರೂಪಿಗೆ ಫಾರ್ವರ್ಡ್ ಮಾಡಿಬಿಟ್ಟರು. ನಾವೇ ಅಲ್ವಾ 'ನಾಲ್ಕು ಜನಕ್ಕೆ ಹೇಳಿ' ಅಂದದ್ದು? ಉತ್ತರಗಳು ಬಂದು ಸೇರುವ ಶೀಟ್ ತೆರೆದರೆ ಒಂದೇ ನಂಬರಿನಲ್ಲಿ ಹನ್ನೆರಡು ಮಕ್ಕಳು. ನಂಬರ್ ಇಡೀ ಗ್ರೂಪಿಗೆ ಹಂಚಿಹೋಗಿತ್ತು.

ಲಿಂಕ್ ಅಂದರೆ ಪೋಸ್ಟ್ ಕಾರ್ಡ್. ಯಾರ ಕೈಗೆ ಸಿಕ್ಕರೂ ಓದಬಹುದು. ಬ್ರೌಸರ್ ಹಿಸ್ಟರಿಯಲ್ಲೂ ಉಳಿಯುತ್ತದೆ. ತಾಲ್ಲೂಕಿನ ಹೆಸರು ಬರೆಯಿರಿ, ಯಾರದ್ದೂ ತಕರಾರಿಲ್ಲ. ನಂಬರ್ ಬರೆಯಬೇಡಿ. ಈಗ ನಾವು 'ಕೆ-14' ಥರದ ಗುರುತು ಮಾತ್ರ ಹಾಕುತ್ತೇವೆ. ಅದು ಯಾವ ಮನೆಯದು ಅನ್ನುವುದು ನಮ್ಮ ಶೀಟಿನಲ್ಲಷ್ಟೇ ಇರುತ್ತದೆ. ಫಾರ್ವರ್ಡ್ ಆದರೆ ಒಂದೇ ಗುರುತು ಹತ್ತು ಸಲ ಕಾಣುತ್ತದೆ, ಯಾರ ಮಾನವೂ ಹೋಗುವುದಿಲ್ಲ.

ಬೇರೆ ಕೆಲವು ಫಾರ್ಮ್ ಸೇವೆಗಳಲ್ಲಿ ಇಂಥದ್ದನ್ನು ಮರೆಯಲ್ಲಿ ಇಡುವ ಖಾನೆ ಇದೆ. ತುಂಬುವವರಿಗೆ ಪುಟದಲ್ಲಿ ಕಾಣುವುದೇ ಇಲ್ಲ. ಗೂಗಲ್ ಫಾರ್ಮ್‌ನಲ್ಲಿ ಇಲ್ಲ, ಅದೊಂದು ಕೊರತೆ ಅಂತ ಗೆಳೆಯ ಗೊಣಗುತ್ತಾನೆ. ನನಗೆ ಇಲ್ಲದಿರುವುದೇ ಸರಿ ಅನಿಸುತ್ತದೆ. ತುಂಬಿದ್ದು ಕಣ್ಣಿಗೆ ಕಂಡರೆ ತಪ್ಪಿದ್ದನ್ನು ಅವರೇ ತಿದ್ದುತ್ತಾರೆ. ಗುರುತು ಹಚ್ಚುವುದಾದರೆ ಎದುರಿಗೇ ಹಚ್ಚಿ. (ಫೇಸ್‌ಬುಕ್ ಕೂಡ ಸುಮ್ನೆ ಕೂತಿಲ್ಲ. ಅದರೊಳಗಿಂದ ಹೊರಗಿನ ಲಿಂಕ್ ಒತ್ತಿ ನೋಡಿ. ಕೊನೆಗೆ ಎಫ್‌ಬಿಸಿಎಲ್‌ಐಡಿ (fbclid) ಅಂತ ಉದ್ದನೆಯ ಬಾಲ ಕಂಡರೆ, ಅದನ್ನು ಅಂಟಿಸಿದ್ದು ಫೇಸ್‌ಬುಕ್ಕೇ.)

ಆ ತಾಯಿಗೆ ಫೋನ್ ಮಾಡಿ ತಪ್ಪಾಯ್ತು ಅಂದೆ. ಬೈಯಲಿಲ್ಲ. ಶಿಬಿರ ಯಾವಾಗ, ಫೀಸ್ ಎಷ್ಟು ಅಂತ ಅವರಿಗೆ ಈಗಲೂ ಫೋನ್ ಬರುತ್ತದಂತೆ. ಫೀಸ್ ಇಲ್ಲ ಅಂತ ಅವರೇ ಹೇಳುತ್ತಿದ್ದಾರೆ.