ನಾಲ್ಕು ದಿನದ ಗಣರಾಜ್ಯದ ವಕೀಲ

1848ರ ಸೆಪ್ಟೆಂಬರ್ 21. ಸ್ವಿಟ್ಜರ್ಲೆಂಡ್ ಗಡಿಯ ಹತ್ತಿರ ಲೋರಾಖ್ ಅಂತ ಒಂದು ಪುಟ್ಟ ಊರು. ಅಲ್ಲಿನ ಪುರಸಭೆ ಕಟ್ಟಡದಿಂದ ಗುಸ್ಟಾವ್ ಸ್ಟ್ರೂವೆ ಎಂಬ ವಕೀಲರು, ಇನ್ನು ಮುಂದೆ ಜರ್ಮನಿ ಗಣರಾಜ್ಯ ಅಂತ ಸಾರಿಬಿಟ್ಟರು. 'ಎಲ್ಲರಿಗೂ ನೆಮ್ಮದಿಯ ಬದುಕು, ವಿದ್ಯೆ, ಸ್ವಾತಂತ್ರ್ಯ' ಅನ್ನುವುದು ಅವರ ಘೋಷಣೆ. ಮೂರೇ ದಿನಕ್ಕೆ ಸ್ಟೌಫೆನ್ ಎಂಬ ಊರಲ್ಲಿ ಆ ಸೀಮೆಯನ್ನು ಆಳುತ್ತಿದ್ದ ಬಾಡೆನ್ ದೊರೆಯ ಸೈನ್ಯ ಅವರ ದಂಡನ್ನು ಚದುರಿಸಿತು. ನಾಲ್ಕನೇ ದಿನ ಅವರೂ ಅವರ ಹೆಂಡತಿಯೂ ಸೆರೆ ಸಿಕ್ಕರು.

ಗುಸ್ಟಾವ್ ಸ್ಟ್ರೂವೆ ಅಂದರೆ ಸಾಮಾನ್ಯವಾಗಿ ಇಷ್ಟೇ ಹೇಳುತ್ತಾರೆ. ಆತುರಗಾರ, ಹುಚ್ಚು ಆದರ್ಶವಾದಿ, ನಾಲ್ಕು ದಿನದಲ್ಲಿ ಸೋತವನು. ಕೆಲವು ವಾರಗಳಿಂದ ಇವರ ಬಗ್ಗೆ ಓದುತ್ತಿದ್ದೇನೆ, ಈ ಮಾತು ಕೇಳಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಆ ನಾಲ್ಕು ದಿನಕ್ಕೆ ಮುಂಚೆ ಇವರು ವರ್ಷಗಟ್ಟಲೆ ಮಾಡಿದ ಕೆಲಸವನ್ನು ಯಾಕೆ ಯಾರೂ ಹೇಳುವುದಿಲ್ಲ?

ಹುಟ್ಟಿದ್ದು 1805ರಲ್ಲಿ, ಮ್ಯೂನಿಕ್‌ನಲ್ಲಿ. ಅಪ್ಪ ರಷ್ಯಾದ ರಾಜತಾಂತ್ರಿಕ. ಕಾನೂನು ಓದಿ, ಸ್ವಲ್ಪ ದಿನ ಸರ್ಕಾರಿ ನೌಕರಿ ಮಾಡಿ, ಅದು ಒಗ್ಗದೆ ಕೊನೆಗೆ ಮಾನ್‌ಹೈಮ್‌ನಲ್ಲಿ ವಕೀಲಿಕೆಗೆ ಕೂತರು. ಅಲ್ಲೇ ಪತ್ರಿಕೆಯ ಸಂಪಾದಕರೂ ಆದರು. ನನಗೆ ತುಂಬ ಇಷ್ಟವಾದ ಕಥೆ ಇರುವುದು ಇಲ್ಲಿಯೇ.

ಆಗ ಪತ್ರಿಕೆ ಅಚ್ಚಿಗೆ ಹೋಗುವ ಮೊದಲು ಸರ್ಕಾರದ ಸೆನ್ಸಾರ್ ಅಧಿಕಾರಿಗೆ ತೋರಿಸಬೇಕಿತ್ತು. ಅವನು ಹೊಡೆದು ಹಾಕಿದ ಸಾಲು ಅಲ್ಲಿಗೇ ಸತ್ತಂತೆ. ಆದರೆ 1819ರ ಆ ಕಾನೂನಿನಲ್ಲೇ ಒಂದು ಸಂದು ಇತ್ತು. ಇಪ್ಪತ್ತು ಫಾರಂಗಿಂತ, ಅಂದರೆ 320 ಪುಟಕ್ಕಿಂತ ಜಾಸ್ತಿ ಇರುವ ಪುಸ್ತಕಕ್ಕೆ ಮೊದಲೇ ಒಪ್ಪಿಗೆ ಪಡೆಯಬೇಕಾಗಿರಲಿಲ್ಲ. ಅಷ್ಟು ದಪ್ಪ ಪುಸ್ತಕವನ್ನು ಬಡವರು ಕೊಂಡು ಓದುವುದಿಲ್ಲ ಅನ್ನುವ ಲೆಕ್ಕಾಚಾರ ಇರಬೇಕು. ಸ್ಟ್ರೂವೆ ಏನು ಮಾಡಿದರು ಗೊತ್ತಾ? ತಮ್ಮ ಪತ್ರಿಕೆಯಲ್ಲಿ ಸೆನ್ಸಾರ್ ಹೊಡೆದು ಹಾಕಿದ್ದ ಭಾಗಗಳನ್ನೆಲ್ಲ ಕೂಡಿಸಿ ಪುಸ್ತಕವಾಗಿಯೇ ತಂದರು. ಏನನ್ನು ಮುಚ್ಚಿಟ್ಟಿರಿ ಅಂತ ಜನರೇ ನೋಡಲಿ ಅಂತ. ಮತ್ತೆ ಮತ್ತೆ ಕೇಸು ಬಿತ್ತು, ಜೈಲಿಗೂ ಹೋಗಿ ಬಂದರು. ಬಿಡಲಿಲ್ಲ. ಇದು ಹುಚ್ಚಲ್ಲ ಸ್ವಾಮಿ, ಕಾನೂನು ಅರೆದು ಕುಡಿದ ವಕೀಲನ ಕೆಲಸ.

1847ರಲ್ಲಿ ಹೆಸರಿನ ಮುಂದಿದ್ದ 'ಫಾನ್' ಅನ್ನು ತೆಗೆದು ಹಾಕಿದರು. ಅದು ಕುಲೀನ ಮನೆತನದ ಗುರುತು. ಅದೇ ಸೆಪ್ಟೆಂಬರ್‌ನಲ್ಲಿ ಬಾಡೆನ್‌ನ ಇನ್ನೊಬ್ಬ ಹೋರಾಟಗಾರ ಫ್ರೀಡ್ರಿಶ್ ಹೆಕರ್ ಮೊದಲಾದವರ ಜೊತೆ ಆಫೆನ್‌ಬುರ್ಗ್‌ನಲ್ಲಿ ಸಭೆ ಸೇರಿ ಜನರ 13 ಬೇಡಿಕೆಗಳನ್ನು ಮುಂದಿಟ್ಟರು. ಪತ್ರಿಕಾ ಸ್ವಾತಂತ್ರ್ಯ ಬೇಕು. ವಿದ್ಯೆ ಎಲ್ಲರ ಕೈಗೆಟುಕಬೇಕು. ಆದಾಯ ಹೆಚ್ಚಿದಂತೆ ತೆರಿಗೆಯೂ ಹೆಚ್ಚಬೇಕು. ಎಲ್ಲ ವಿಶೇಷ ಹಕ್ಕುಗಳೂ ಹೋಗಬೇಕು. ಇವತ್ತು ನಾವು ಸುಮ್ನೆ ನಮ್ಮವು ಅಂದುಕೊಂಡಿರುವ ವಿಷಯಗಳು, ಅಲ್ವಾ?

ಇನ್ನೊಂದು ಸಂಗತಿ ನಮಗೆ ಹತ್ತಿರದ್ದು. ಸ್ಟ್ರೂವೆ ಯೌವನದಲ್ಲೇ ಮಾಂಸ ಬಿಟ್ಟವರು. 1833ರಲ್ಲಿ ಒಂದು ಕಾದಂಬರಿ ಬರೆದರು, ಅದರ ನಾಯಕ ಭಾರತದಿಂದ ಜರ್ಮನಿಗೆ ಬಂದ ಮಂದಾರ ಎಂಬ ಹುಡುಗ! ನಮ್ಮಲ್ಲಿ ಮಾಂಸ ತಿನ್ನಲ್ಲ ಅಂದರೆ ಮೊದಲು ಜಾತಿ ನೆನಪಾಗುತ್ತದೆ. ಇವರಿಗೆ ಅದು ಮೇಲು ಕೀಳಿನ ಮಾತೇ ಅಲ್ಲ, ಜೀವದ ಮೇಲಿನ ಕರುಣೆ. ಎಲ್ಲದರಲ್ಲೂ ಸರಿ ಇದ್ದರು ಅಂತಲೂ ನಾನು ಹೇಳುವುದಿಲ್ಲ. ತಲೆಬುರುಡೆಯ ಆಕಾರ ನೋಡಿ ಗುಣ ಹೇಳುವ ಸುಳ್ಳು ಶಾಸ್ತ್ರವನ್ನು ನಂಬಿ ಅದಕ್ಕೊಂದು ಪತ್ರಿಕೆಯನ್ನೇ ನಡೆಸಿದರು. ಅದು ತಪ್ಪೇ.

1849ರ ಮೇ ತಿಂಗಳಲ್ಲಿ ಬಾಡೆನ್‌ನಲ್ಲಿ ಮತ್ತೆ ಜನ ದಂಗೆ ಎದ್ದಾಗ ಜೈಲಿನಿಂದ ಹೊರಬಂದರು. ಆ ದಂಗೆಯನ್ನು ಜರ್ಮನಿಯ ಬಲಿಷ್ಠ ರಾಜ್ಯ ಪ್ರಷ್ಯದ ಸೈನ್ಯ ತುಳಿದು ಹಾಕಿತು. ಸ್ವಿಟ್ಜರ್ಲೆಂಡ್, ಇಂಗ್ಲೆಂಡ್ ಸುತ್ತಿ 1851ರಲ್ಲಿ ಅಮೆರಿಕ ಸೇರಿದರು. ಅಲ್ಲಿ ಕೂತು ಒಂಬತ್ತು ಸಂಪುಟಗಳ ವಿಶ್ವ ಇತಿಹಾಸ ಬರೆದರು. ಅಂತರ್ಯುದ್ಧ ಶುರುವಾದಾಗ ವಯಸ್ಸು 55. ಆದರೂ ಲಿಂಕನ್ ಕಡೆಯ ಸೈನ್ಯಕ್ಕೆ ಸೇರಿ ಕ್ಯಾಪ್ಟನ್ ಆದರು. 1862ರಲ್ಲಿ ಅವರ ರೆಜಿಮೆಂಟಿಗೆ ಪ್ರಷ್ಯದ ಒಬ್ಬ ರಾಜಕುಮಾರ ಮುಖ್ಯಸ್ಥನಾಗಿ ಬಂದ. ಆಳರಸರ ವಿರುದ್ಧ ಬದುಕಿಡೀ ಹೋರಾಡಿ ಈಗ ಒಬ್ಬ ರಾಜಕುಮಾರನಿಗೆ ಸಲಾಂ ಹೊಡೆಯುವುದಾ? ರಾಜೀನಾಮೆ ಕೊಟ್ಟು ಹೊರಟೇಬಿಟ್ಟರು.

ಅದೇ 1862ರ ಫೆಬ್ರವರಿಯಲ್ಲಿ ಹೆಂಡತಿ ಅಮಾಲಿ ನ್ಯೂಯಾರ್ಕ್‌ನಲ್ಲಿ ಹೆರಿಗೆಯ ನಂತರ ತೀರಿಕೊಂಡಿದ್ದರು. ಇನ್ನೂ ನಲವತ್ತೂ ದಾಟಿರಲಿಲ್ಲ. ಸ್ಟ್ರೂವೆ ಮುಂದಿನ ವರ್ಷ ಜರ್ಮನಿಗೆ ಮರಳಿ, 1870ರಲ್ಲಿ ವಿಯೆನ್ನಾದಲ್ಲಿ ಸತ್ತರು.

ಆದರೆ ಅಮಾಲಿ ವಿಷಯ ಹೇಳದೆ ಮುಗಿಸಲಾರೆ. ಗಂಡನ ಹಿಂದೆ ಹೋದ ಹೆಂಡತಿ ಅಲ್ಲ ಆಕೆ. ಭಾಷೆ ಕಲಿಸಿ ಬದುಕುತ್ತಿದ್ದವರು. ದಂಡಿನ ಜೊತೆಯಲ್ಲೇ ನಡೆದರು, ಲೋರಾಖ್ ಆದ ಮೇಲೆ ಫ್ರೈಬುರ್ಗ್‌ನಲ್ಲಿ 205 ದಿನ ಸೆರೆಯಲ್ಲಿದ್ದರು. ಗಂಡನ ನಾಲ್ಕು ದಿನ ನೆನಪಿರುವವರಿಗೆ ಇವರ 205 ದಿನ ನೆನಪಿಲ್ಲ. ಬಾಡೆನ್ ಹೋರಾಟದ ನೆನಪುಗಳನ್ನು 1850ರಲ್ಲಿ ತಾವೇ ಬರೆದು ಪ್ರಕಟಿಸಿದ್ದಾರೆ. ಹಕ್ಕುಸ್ವಾಮ್ಯ ಎಂದೋ ಮುಗಿದಿದೆ. ಇಲ್ಲಿ ಜರ್ಮನ್ ಬಲ್ಲ ಕನ್ನಡಿಗರು ಇದ್ದೀರಿ, ಆ ಪುಸ್ತಕವನ್ನು ಯಾರಾದರೂ ಕನ್ನಡಕ್ಕೆ ತನ್ನಿ. ಕರಡು ತಿದ್ದುವ ಕೆಲಸ ನನಗಿರಲಿ.