ಸಕ್ಕರೆ ಸರಿ, ಎಣ್ಣೆ ಎಲ್ಲಿಂದ?

ಶಿಲೀಂಧ್ರದಿಂದ ಸರ್ಫ್ಯಾಕ್ಟಂಟ್, ಅಂದರೆ ಸೋಪು-ಶಾಂಪೂಗಳಲ್ಲಿ ಕೊಳೆ ಬಿಡಿಸುವ ವಸ್ತು, ತಯಾರಿಸಲು ಸಕ್ಕರೆ ಇದ್ದರೆ ಸಾಕು, ಆದ್ದರಿಂದ ಅದು ಪೂರ್ತಿ ಪರಿಸರಸ್ನೇಹಿ ಎಂದು ಒಂದು ಲೇಖನದಲ್ಲಿ ಓದಿದೆ. ಇದು ಅರ್ಧ ಮಾತು. ಸ್ಟಾರ್ಮರೆಲ್ಲಾ ಬಾಂಬಿಕೋಲಾ ಎಂಬ ಯೀಸ್ಟ್ (ಅದೂ ಒಂದು ಶಿಲೀಂಧ್ರವೇ) ಸೊಫೊರೊಲಿಪಿಡ್ ಎಂಬ ಸರ್ಫ್ಯಾಕ್ಟಂಟ್ ಅನ್ನು ಚೆನ್ನಾಗಿ ಕೊಡಬೇಕಾದರೆ ಸಕ್ಕರೆ ಜೊತೆ ಎಣ್ಣೆಯನ್ನೂ ಉಣಿಸಬೇಕು. ಆ ಎಣ್ಣೆ ಕಾಡು ಕಡಿದು ಬೆಳೆದ ತಾಳೆಯದ್ದಾದರೆ ಏನು ಬದಲಾಯಿತು? ಈಗಿನ ಎಷ್ಟೋ ಸೋಪುಗಳ ಮೂಲವೂ ಅದೇ ತಾನೇ. ಕರಿದು ಉಳಿದ ಎಣ್ಣೆಯಿಂದಲೂ ಮಾಡಬಹುದು, ಆದರೆ ಆಗ ಶುದ್ಧ ಮಾಡುವ ಕೆಲಸ ಜಾಸ್ತಿ.

ಹಾಗಂತ ಇದನ್ನು ಸುಮ್ನೆ ತಳ್ಳಿಹಾಕುವಂತಿಲ್ಲ. ಈ ಯೀಸ್ಟ್ ರೋಗ ತರುವಂಥದ್ದಲ್ಲ. ಲೀಟರಿಗೆ 300 ಗ್ರಾಂ ದಾಟಿದ ಇಳುವರಿಯೂ ವರದಿಯಾಗಿದೆ. ಸೊಫೊರೊಲಿಪಿಡ್‌ನ ನೊರೆ ಮಾತ್ರ ಕಡಿಮೆ. ಪಾತ್ರೆ ತೊಳೆಯುವ ಯಂತ್ರಕ್ಕೆ ಅದೇ ಒಳ್ಳೆಯದು, ಆದರೆ ನೊರೆ ಬಂದರೇ ಶಾಂಪೂ ಎಂದುಕೊಂಡವರನ್ನು ಒಪ್ಪಿಸುವುದು ಕಷ್ಟ, ಅಲ್ವಾ?