ಹದಿನಾಲ್ಕು ಇಂಚಿನ ಗುರುಪೀಠ

ಪಿಯಾನೋಗೆ 88 ಮನೆಗಳು. ದುಬೈಯಲ್ಲಿರುವ ಮಗ ರಜೆಗೆ ಬಂದಾಗ ತಂದು ನಮ್ಮ ಚಾವಡಿಯಲ್ಲಿ ಇಟ್ಟುಹೋದ ಕೀಬೋರ್ಡಿನಲ್ಲಿ 61. ಉಳಿದ 27 ಮನೆಯವರು ಊರು ಬಿಟ್ಟು ಹೋಗಿರಬೇಕು ಎಂದುಕೊಂಡೆ. ನಮ್ಮ ನೀರ್ಚಾಲಿನ ಕಡೆ ಅದೇನೂ ಹೊಸತಲ್ಲ.

ಕಷ್ಟವಾದದ್ದು ಗುರುಗಳದ್ದು. ಇದು ಯಕ್ಷಗಾನ ಕವಿ ಪಾರ್ತಿಸುಬ್ಬನ ಸೀಮೆ. ಕತ್ತಲಲ್ಲಿ ಕೈ ಬೀಸಿದರೂ ಒಬ್ಬ ಮದ್ದಳೆಗಾರರಿಗೆ ತಗಲೀತು, ಪಿಯಾನೋ ಕಲಿಸುವವರು ಮಾತ್ರ ಸಿಗಲಾರರು. ಹಾಗಾಗಿ ಮೊಬೈಲಿನಲ್ಲಿ ಕಂಡ ಪಿಯಾನೋ ವಾದಕ ಗ್ಲೆನ್ ಗೂಲ್ಡ್ ಅವರನ್ನೇ ಗುರುವಾಗಿ ಸ್ವೀಕರಿಸಿದೆ. 1932ರಲ್ಲಿ ಟೊರಾಂಟೋದಲ್ಲಿ ಹುಟ್ಟಿದವರು. 22ನೆಯ ವಯಸ್ಸಿನಲ್ಲೇ ಜರ್ಮನ್ ಸಂಗೀತಕಾರ ಬಾಖ್‌ನ ಗೋಲ್ಡ್‌ಬರ್ಗ್ ವೇರಿಯೇಷನ್ಸ್ ಎಂಬ ಕೃತಿಯನ್ನು ಧ್ವನಿಮುದ್ರಿಸಿ ಜಗತ್ತಿನ ಕಿವಿ ನಿಮಿರಿಸಿದವರು. 1982ರಲ್ಲಿ ತೀರಿಕೊಂಡರು. ತೀರಿಹೋದ ಗುರುವಿನಿಂದ ಅನುಕೂಲವೂ ಇದೆ: ಬಯ್ಯುವುದಿಲ್ಲ, ದಕ್ಷಿಣೆಯ ಚಿಂತೆಯಿಲ್ಲ.

ಏಕಲವ್ಯನಾದರೂ ಮೊದಲು ಬಾಣ ಬಿಡುವುದನ್ನು ಕಲಿತ. ನಾನು ದ್ರೋಣರ ಗಡ್ಡ ಬಿಡುವುದರಿಂದ ಆರಂಭಿಸಿದೆ.

ಗೂಲ್ಡ್ ನುಡಿಸುವ ಮೊದಲು ಕೈಗಳನ್ನು ಬಿಸಿನೀರಿನಲ್ಲಿ ಅದ್ದಿ ಕೂರುತ್ತಿದ್ದರಂತೆ. ನಮ್ಮ ಬಚ್ಚಲ ಹಂಡೆಯಲ್ಲಿ ಬಿಸಿನೀರಿಗೆ ಬರವೇ? ಮೊಣಕೈವರೆಗೆ ಮುಳುಗಿಸಿ ಕುಳಿತೆ. ಹೆಂಡತಿ ಬಂದು ನೋಡಿ, ಏನೂ ಕೇಳದೆ, ನೋವಿನೆಣ್ಣೆಯ ಬಾಟಲಿ ಪಕ್ಕದಲ್ಲಿಟ್ಟು ಹೋದಳು. ಬೇಸಗೆಯಲ್ಲೂ ಅವರು ಕೋಟು, ಕೈಗವಸು ಬಿಡುತ್ತಿರಲಿಲ್ಲ. ಕಾಸರಗೋಡಿನ ಏಪ್ರಿಲಿನಲ್ಲಿ ಗುರುಭಕ್ತಿ ಐದು ನಿಮಿಷಕ್ಕಿಂತ ಹೆಚ್ಚು ತಡೆಯಲಿಲ್ಲ.

ಕುರ್ಚಿಯ ವಿಷಯದಲ್ಲಿ ಮಾತ್ರ ನಾನು ರಾಜಿಯಾಗಲಿಲ್ಲ. ಗೂಲ್ಡ್ ಅವರ ತಂದೆ ಒಂದು ಮಡಚುವ ಕುರ್ಚಿಯ ಕಾಲು ಕತ್ತರಿಸಿ, ನೆಲದಿಂದ 14 ಇಂಚಿನಷ್ಟು ಎತ್ತರಕ್ಕೆ ಇಳಿಸಿಕೊಟ್ಟಿದ್ದರು. ಅದನ್ನು ಹೊತ್ತುಕೊಂಡೇ ಅವರು ಲೋಕ ಸುತ್ತಿದರು. ಮೆತ್ತೆ ಹರಿದು ಬರೇ ಚೌಕಟ್ಟು ಉಳಿದಾಗಲೂ ಬಿಡಲಿಲ್ಲ. ನಾನು ಊಟದ ಮೇಜಿನ ಕುರ್ಚಿಯೊಂದನ್ನು ಆಚಾರಿಯ ಮುಂದಿಟ್ಟೆ.

“ಮೊಮ್ಮಗುವಿಗೋ?”

“ನನಗೆ.”

ಅವರು ನನ್ನನ್ನೊಮ್ಮೆ, ಕುರ್ಚಿಯನ್ನೊಮ್ಮೆ ನೋಡಿದರು. ಕತ್ತರಿಸಿ ಕೊಟ್ಟು, ಮಜೂರಿ ಎಣಿಸಿಕೊಂಡು, ಗೇಟು ದಾಟಿದ ಮೇಲೆ ನಕ್ಕದ್ದು ಕೇಳಿಸಿತು. ಅದರಲ್ಲಿ ಕುಳಿತರೆ ನನ್ನ ಗಲ್ಲ ಕೀಬೋರ್ಡಿನ ಅಂಚಿಗೆ ಸರಿಯಾಗಿ ಬರುತ್ತಿತ್ತು. ಮೇಲ್ಭಾಗದ ಗುಂಡಿಗಳು ಕಾಣುತ್ತಿರಲಿಲ್ಲ. ಕಾಣಬೇಕೆಂದು ಆಗ ಅನಿಸಲೂ ಇಲ್ಲ.

ಮೂರು ತಿಂಗಳಲ್ಲಿ ವೇರಿಯೇಷನ್ಸ್‌ನ ಮೊದಲಿಗೆ ಬರುವ ‘ಏರಿಯಾ’ ಎಂಬ ಮೂಲ ಧಾಟಿಯ ಅರ್ಧಭಾಗ ಕೈಗೆ ಬಂತು. ಅದರ ಹಿಂದೆ 30 ವೇರಿಯೇಷನ್‌ಗಳು ಸಾಲುಗಟ್ಟಿ ನಿಂತಿವೆ ಎಂಬುದನ್ನು ಯಾರಿಗೂ ಹೇಳಲಿಲ್ಲ. ಅಷ್ಟರಲ್ಲಿ ಊರಿನ ವಾಚನಾಲಯದ ವಾರ್ಷಿಕೋತ್ಸವ ಬಂತು. ರಾತ್ರಿ ತಾಳಮದ್ದಳೆ, ವೇಷ ಕುಣಿತವಿಲ್ಲದೆ ಪದ ಮತ್ತು ಮಾತಿನಲ್ಲೇ ನಡೆಯುವ ಯಕ್ಷಗಾನ. ಮುಖ್ಯ ಅರ್ಥಧಾರಿಗಳ ಕಾರು ಬದಿಯಡ್ಕದಲ್ಲಿ ಕೆಟ್ಟು ನಿಂತಿದ್ದರಿಂದ, ಹೊತ್ತು ಕಳೆಯಲು ನನ್ನನ್ನು ವೇದಿಕೆ ಹತ್ತಿಸಿದರು.

ಮೈಕಿನ ಹುಡುಗ ಮಲಯಾಳಿ. ಪೆಟ್ಟಿಗೆ ಮುಂದಿಟ್ಟು ಕುಳಿತವರೆಲ್ಲ ಪದ ಹಾಡುವ ಭಾಗವತರು ಎಂಬುದು ಅವನ ಅನುಭವ. ಮೈಕನ್ನು ತಂದು ನನ್ನ ಬಾಯಿಗೇ ಹಿಡಿಸಿಬಿಟ್ಟ. ಗೂಲ್ಡ್ ನುಡಿಸುವಾಗ ಗುನುಗುತ್ತಿದ್ದರು. ಅವರ ಧ್ವನಿಮುದ್ರಿಕೆಗಳಲ್ಲಿ ಅದು ಈಗಲೂ ಕೇಳುತ್ತದೆ. ಶಿಷ್ಯನಾದ ನಾನೂ ಅದನ್ನು ಶ್ರದ್ಧೆಯಿಂದ ರೂಢಿಸಿಕೊಂಡಿದ್ದೆ. ಪರಿಣಾಮವಾಗಿ ಬಾಖ್ ಯಾರಿಗೂ ಕೇಳಿಸಲಿಲ್ಲ. ಕೇಳಿಸಿದ್ದು ಕೊಟ್ಟಿಗೆಯಲ್ಲಿ ಕರುವನ್ನು ಕಾಣದ ಹಸುವಿನದ್ದೇ ಎನ್ನಬಹುದಾದ ಒಂದು ದನಿ, ನಾಲ್ಕು ದಿಕ್ಕಿನ ಧ್ವನಿವರ್ಧಕಗಳಲ್ಲಿ.

ಎರಡು ನಿಮಿಷ ಸಭೆ ತಾಳಿಕೊಂಡಿತು. ಆಮೇಲೆ ಮದ್ದಳೆಯ ಭಾವ ನನ್ನ ಕಡೆಗೆ ಬಾಗಿ, “ಭಾವಾ, ಶ್ರುತಿ ಕೂಡಿತು. ಇನ್ನು ಪದ ಹೇಳಬಹುದು” ಎಂದರು. ಮೈಕು ಅದನ್ನೂ ಊರಿಗೆ ಮುಟ್ಟಿಸಿತು. ಮುಂದಿನ ಸಾಲಿನಲ್ಲಿ ಅಧ್ಯಕ್ಷರು ನಿದ್ದೆಗೆ ಜಾರಿದ್ದರು. ನಿದ್ದೆ ಬಾರದ ಒಬ್ಬ ಶ್ರೀಮಂತರಿಗಾಗಿ ಬಾಖ್ ಈ ಕೃತಿ ರಚಿಸಿದ ಎಂಬ ಕಥೆಯಿದೆ. ಆ ಲೆಕ್ಕದಲ್ಲಿ ನನ್ನ ವಾದನ ಸಾರ್ಥಕವೇ.

ಮೈಕನ್ನು ಸರಿಸಲು ಹೋದೆ. ಮೊಣಕೈ ಕಾಣದ ಯಾವುದೋ ಗುಂಡಿಗೆ ತಗಲಿತು. ಢಮ್ ಚಿಕ್ಕ, ಢಮ್ ಢಮ್ ಚಿಕ್ಕ! ಕೀಬೋರ್ಡು ತನ್ನಷ್ಟಕ್ಕೆ ಬಾರಿಸತೊಡಗಿತು. ಅಧ್ಯಕ್ಷರು ಎದ್ದು ಕುಳಿತರು. ಮಕ್ಕಳು ವೇದಿಕೆಯ ಮುಂದೆ ಕುಣಿಯತೊಡಗಿದರು. ನಾನು ಸಿಕ್ಕ ಗುಂಡಿಗಳನ್ನೆಲ್ಲ ಒತ್ತಿದೆ. ಪ್ರತಿಯೊಂದಕ್ಕೂ ವೇಗ ಏರಿತು. ಅದೃಷ್ಟಕ್ಕೆ ಕರೆಂಟು ಹೋಯಿತು. ದೀಪ ಆರಿತು, ಮೈಕು ಸತ್ತಿತು. ಕೀಬೋರ್ಡು ನಿಲ್ಲಲಿಲ್ಲ. ಮಳೆಗಾಲದಲ್ಲಿ ಅಪ್ಪನಿಗೆ ತೊಂದರೆಯಾಗಬಾರದೆಂದು ಮಗ ಆರು ಬ್ಯಾಟರಿ ಹಾಕಿಟ್ಟಿದ್ದ. ಕತ್ತಲಲ್ಲಿ ಸಿಕ್ಕ ಚಪ್ಪಾಳೆ ಅರ್ಥಧಾರಿಗಳಿಗೂ ಅಂದು ಸಿಗಲಿಲ್ಲ ಎಂದು ಕೇಳಿದ್ದೇನೆ.

ಗೂಲ್ಡ್ 1964ರಲ್ಲಿ, 31ನೆಯ ವಯಸ್ಸಿನಲ್ಲಿ, ಲಾಸ್ ಏಂಜಲೀಸಿನ ಕಚೇರಿ ಮುಗಿಸಿ ಮತ್ತೆಂದೂ ವೇದಿಕೆ ಹತ್ತಲಿಲ್ಲ. ನಾನು 57ಕ್ಕೆ ನಿವೃತ್ತನಾದೆ. ಈ ಒಂದು ವಿಷಯದಲ್ಲಿ ಗುರುವನ್ನು ಸಂಪೂರ್ಣ ಅನುಸರಿಸಿದ್ದೇನೆ. ಮುಂದಿನ ವರ್ಷಕ್ಕೂ ಕರೆ ಬಂದಿದೆ. ನಾನಿಲ್ಲದಿದ್ದರೂ ಆದೀತು, ಪೆಟ್ಟಿಗೆ ಕಳಿಸಿ ಎಂದಿದ್ದಾರೆ.

ಗುರುಗಳ ಕುರ್ಚಿಯನ್ನು ಕೆನಡಾದಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಕಾಪಾಡಿದ್ದಾರೆ. ನನ್ನದು ಅಂಗಳದಲ್ಲಿದೆ. ಅಡಿಕೆ ಸುಲಿಯಲು ಬರುವವರು ಒಮ್ಮೆ ಕುಳಿತು ನೋಡಿ, ಸೊಂಟಕ್ಕೆ ಇಷ್ಟು ಹಿತವಾದ ಆಸನ ಈವರೆಗೆ ಸಿಕ್ಕಿಲ್ಲವೆಂದು ಗೋಣಿ ಮಡಚಿ ಹಾಕಿಕೊಂಡು ತಮ್ಮದಾಗಿಸಿಕೊಂಡರು. ಬೆನ್ನು ಬಾಗಿಸಿ, ಮುಖವನ್ನು ಕೈಗಳ ಹತ್ತಿರ ತಂದು, ಕಣ್ಣಿಗೆ ನಿಲುಕದ ವೇಗದಲ್ಲಿ ಬೆರಳಾಡಿಸುತ್ತಾರೆ. ಸುಲಿಯುವಾಗ ಗುನುಗುತ್ತಾರೆ ಕೂಡ.